ಕಪ್ಪಗಾದ ಮೆಹಂದಿ

ಇಲ್ರೀ ಬೀಗತೇರ, ಬಂದಿಲ್ರೀ! ಖುದಾನ ಕಸಂ… ಅಲ್ಲ, ಕಸಂ ಯಾಕ ಹಾಕ್ಲಿ, ಇದ್ದದ್ದನ್ನ ಹೇಳಾಕ ಕಸಂ ಯಾಕ ಬೇಕ್ರೀ? ಶಬನಮ್ ಇಲ್ಲಿಗೆ ಬಂದಿಲ್ಲ. ನೀವ ವಿಚಾರ ಮಾಡ್ರಿ, ಐದ ತಿಂಗಳ ಬಸರಿ ಹುಡಗಿ, ಅತ್ತಿಗೂ ಹೇಳದ, ಗಂಡಗೂ ಹೇಳದ, ಬೈಲಹೊಂಗಲದಿಂದ ರಾಮದುರ್ಗಕ್ಕ ಒಬ್ಬಾಕೇ ಬಸ್ ಹತ್ತಿ ಬರತಾಳೇನ್ರೀ? ಸವದತ್ತ್ಯಾಗ ಇಳದು ಬ್ಯಾರೆ ಬಸ್ ಹಿಡೀಬೇಕು. ಆ ಗದ್ದಲದಾಗ ನಿಂತಗೊಂಡ ಬರಬೇಕು. ನಮ್ಮ ಹುಡಗಿಗೆ ಅಷ್ಟ ಧೈರ್ಯ ಎಲ್ಲೈತ್ರೀ! ನಿನ್ನಿ ಇಲ್ಲಿ ಶಂಕ್ರೆಪ್ಪನ ಎಸ್‌ಟಿಡಿ ಅಂಗಡಿಗೆ ಅಳಿಯಾ ಫೋನ್ ಹಚ್ಚಿದಾಗೂ ಇದನ್ನ ಹೇಳೇನಿ. ಇಲ್ಲಪಾ ಜುನೇದ್, ನಿನ್ನ ಹೇಣತಿ ಇಲ್ಲಿ ಬಂದಿಲ್ಲ ಅಂತ. ಅಂವಗ ಹೇಳಿದ್ದ ನಿಮಗೂ ಹೇಳತೇನಿ.

ಕುಂತ್ರಿ, ಕುಂತ್ರಿ. ಅಲ್ಲೆ ಬ್ಯಾಡ್ರೀ, ಅದು ಹಿತ್ತಲ ಬಾಗಲಾ. ಒಲಿ ಹೊಗಿ ಸೀದಾ ಮಾರೀಗೇ ಬಡೀತೈತಿ. ಇಲ್ಲೆ ಪಡಸಾಲ್ಯಾಗ ಬರ್ರಿ, ಕೌದಿ ಹಾಸತೇನಿ. ಬುರ್ಖಾ ತಗದ ಇಡ್ರಿ ಬೇಕಾದ್ರ, ಮನ್ಯಾಗ ಗಂಡಸರ ಯಾರೂ ಇಲ್ಲ. ಯಾರೂ ಇಲ್ರೀ. ನಾ ಒಬ್ಬಾಕೇ ಅದೇನಿ.

ಹಂಗ್ಯಾಕ ನೋಡತೀರಿ ನನ್ನ? ಮಗಳ ಕಾಣವಲ್ಲಳು ಅಂದ್ರೂ ಈಕಿ ಕಣ್ಣಾಗ ಒಂದ ಹನಿ ನೀರ ಬರವಲ್ವಲ್ಲ ಅಂತನ? ಅಳತೇನ್ರೀ, ಒಳಗಿಂದೊಳಗ ಅಳಾಕ ಹತ್ತೇನಿ. ಮಂದಿ ಮುಂದ ಅತ್ತು ಏನ ಆಗೂದೈತಿ? ನಮ್ಮ ಮನಿಯವ್ರು ಹುಡಕಾಕ ಹೋಗ್ಯಾರ. ಹೌದ್ರೀ! ಮುಂಜಾನೆ ಸೈಕಲ್ ತಗೊಂಡ ಹೋದವ್ರು ಇನ್ನೂ ಬಂದಿಲ್ಲ. ಎತ್ತಾಗಂದ್ರ… ಸಾಲಹಳ್ಳಿ ಕಡೆ. ಅಲ್ಲಿ ಬೇವಿನ ತಪ್ಪಲಾನೂ ಸಿಗತೈತಿ, ಹುಡಕಿಧಂಗೂ ಆಗತೈತಿ ಅಂತ… ಯಾಕ ನಗತೀರಿ? ನಕ್ಕಿಲ್ಲ? ನಕ್ಕಂಗ ಕಂಡ್ತು. ಬಿಡ್ರಿ, ನನ್ನ ಕಣ್ಣೂ ಈಗೀಗ ನೆಟ್ಟಗಿಲ್ಲ.

ಏನ್ರೀ, ಅಂಗಳದಾಗಿನ ಅರಿವಿ ನೋಡಾಕ ಹತ್ತೀರೇನು? ನೋಡ್ರಿ, ನೋಡ್ರಿ! ಅವು ನಿಮ್ಮ ಮಮ್ಮಗನ ಸಲುವಾಗೇ. ಮಮ್ಮಗನೋ ಮಮ್ಮಗಳೋ, ಖುದಾ ಕೊಟ್ಟಿದ್ದ. ಆ ಸಣ್ಣಾವು ತಲೀಗೆ ಕಟ್ಟೂ ಕುಂಚಗಿ, ಆ ಉದ್ದನ್ನಾವು ಕೂಸಿಗೆ ಸುತ್ತೂವು. ಹಳದಿ ಬಂದೈತಲ್ರೀ, ಅದು ದಾಳಿಂಬ್ರಿ ಸಿಪ್ಪೀದು. ಬಸ್ ಸ್ಟ್ಯಾಂಡಿನ್ಯಾಗ ಜೂಸ್ ಅಂಗಡಿ ಇಟಗೊಂಡಾನಲ್ಲ ಸಾಜಿದ್, ಆ ಹುಡಗಗ ಸಿಪ್ಪಿ ಚೆಲ್ಲಬ್ಯಾಡಪಾ, ನಮಗ ಕೊಡು ಅಂದೇನಿ. ಒಣಗಿಸಿ ಕುಟ್ಟಿ ಕುದಿಸಿದ್ರ ಈ ಬಣ್ಣ. ಅದಕ್ಕ ಪಟಕದ ಕಲ್ಲ ಪುಡಿ ಮಾಡಿ ಹಾಕೂದು, ಅಂದ್ರ ಬಣ್ಣ ಅರಿವೀಗೆ ಹಿಡಕೊಳತೈತಿ. ಆ ಕಡೆ ಹೊಗಿ ಬಣ್ಣದ್ದು ಕಾಣತೈತಲ್ಲ, ಅದೂ ಅದ ಸಿಪ್ಪೀದ, ಆದ್ರ ಪಟಕ ಅಲ್ಲ, ತುಕ್ಕ ಹಿಡದ ಕಬ್ಬಣದ ಮೊಳಿ ಬೆಲ್ಲದ ನೀರಾಗ ನೆನಿ ಹಾಕಿ, ಆ ನೀರ ಹಾಕಿದ್ದು. ತುಕ್ಕ ಬಿತ್ತಂದ್ರ ಹಳದಿ ಹೋಗಿ ಕಪ್ಪ. ನೋಡನೋಡತ ಕಪ್ಪ! ಮಾಟ ಮಾಡಿಧಂಗ.

ಹಸಿ ಅದಾವ್ರೀ ಇನ್ನೂ. ಮುಟ್ಟಬ್ಯಾಡ್ರಿ. ನಾನ ಮುಂಜಾನೆ ಹಾಕೇನಿ. ನಾನ.

ಮತ್ತ ವಿಷದ ಬಣ್ಣ ಅಂತ ತಿಳೀಬ್ಯಾಡ್ರಿ ಮತ್ತ! ಅದೆಲ್ಲಾ ಬಿಟ್ಟ ಬಿಟ್ಟೇವಿ. ಮದಿವಿ ಮಾತಾಡಾಕ ಬಂದಾಗ ನೀವ ಮೂಗಿಗೆ ಸೆರಗ ಹಿಡಕೊಂಡ ಕುಂತಿದ್ರಿ, ನನಗ ನೆನಪೈತಿ. ಅವಾಗ ಬಿಟ್ಟಾಗಿತ್ತು, ಆದ್ರ ಒಂದ ಮೂಲ್ಯಾಗ ಹಳೀ ಕಾಸ್ಟಿಕ್ ಡಬ್ಬಿ ಇನ್ನೂ ಇತ್ತು. ಏನ ಮಾಡೂದ್ರೀ, ಬಣ್ಣ ಹಾಕೂದ ನಮ್ಮ ಕಸಬ, ಪ್ಯಾಕೀಟ ಬಣ್ಣ ಬಂತು, ನೇಕಾರ್ರೆಲ್ಲಾ ಅದನ್ನ ಕೇಳತಿದ್ರು. ಲಗೂ ಆಗತಿತ್ತು. ನಮ್ಮ ಓಣಿ ಗಟಾರ ಒಂದ ದಿನ ಕೆಂಪ, ಒಂದ ದಿನ ಹಸರ. ಕೋಳಿ ನೀರ ಕುಡದು ಸಾಯತಿದ್ವು. ಆಮ್ಯಾಲೆ ಧಾರವಾಡದ ಕಾಲೇಜಿನಿಂದ ನಾಗರತ್ನಾ ಮೇಡಂ ಬಂದ್ರು ನೋಡ್ರಿ. ಸಣ್ಣಾಕಿ, ಗಾಳಿ ಬಂದ್ರ ಹಾರಿ ಹೋಗೂವಂಗ ಅದಾಳ, ಆದ್ರ ಮಾತ ಗಟ್ಟಿ! ಗಿಡದ ಬಣ್ಣ ಹಾಕ್ರಿ, ಅದಕ್ಕ ಬೇವಿನ ಕಷಾಯ ಹಿಡಸ್ರಿ, ಅರಿವೀಗೆ ಹುಳ ಹತ್ತೂದಿಲ್ಲ ಅಂದ್ಲು. ನುಸಿ ಅಲ್ರೀ. ಕಣ್ಣಿಗೆ ಕಾಣದ ಹುಳ. ಬ್ಯಾಕ್ಟೇರಿಯಾ ಅಂತಾರಲ್ಲ, ಅವು. ಬೆವರ ವಾಸನಿ, ಕೂಸಿಗೆ ಹುಣ್ಣ, ಎಲ್ಲಾ ಅದರಿಂದನ ಬರತೈತಂತ.

ನಾ ಕೇಳಿದೆ, ಕಣ್ಣಿಗೆ ಕಾಣದ್ದ ಸತ್ತೈತೋ ಇಲ್ಲೋ ಹೆಂಗ ಗೊತ್ತಾಗತೈತ್ರೀ ಮೇಡಂ ಅಂತ. ಆಕಿ ಮುಂದಿನ ಸಲ ಬರೂಮುಂದ ಎರಡ ಗಾಜಿನ ತಾಟ ತಂದ್ಲು. ಇಟೀಟ, ಅಂಗೈ ಅಗಲ. ಒಂದರಾಗ ಬರೇ ಅರಿವಿ ತುಂಡ ಇಟ್ಟಿದ್ರು. ಅದರ ಸುತ್ತ ಎಲ್ಲಾ ಹಳಸಿದ ರೊಟ್ಟಿಗೆ ಬೂರಸ ಬಂದಂಗ ಬೆಳ್ಳಗ ಮುಚ್ಚಿತ್ತು. ಇನ್ನೊಂದರಾಗ ನಮ್ಮ ಅರಿವಿ ತುಂಡ. ಅದರ ಸುತ್ತ ಸ್ವಚ್ಛ! ಯಾರೋ ಬೆರಳಿಲೆ ಗೀಟ ಹಾಕಿಧಂಗ ದುಂಡಗ, ಅದನ್ನ ದಾಟಿ ಒಂದೂ ಒಳಗ ಬಂದಿಲ್ಲ. ಮೇಡಂಗ ಅದೆಂಥಾ ಖುಷಿ! ನಮ್ಮ ಶಬ್ಬೂನ ಕೈ ಹಿಡಕೊಂಡು, ಈ ಕೈಯಾಗ ಏನೋ ಐತವಾ ಅಂತ…

ನನ್ನ ಕೈರೀ. ನನ್ನ ಕೈ ಹಿಡಕೊಂಡು. ನಾ ಏನಂದೆ? ಶಬ್ಬೂ ಅಂದ್ನೇನು? ಹೋಗ್ಲಿ ಬಿಡ್ರಿ, ಮಗಳ ಹೆಸರ ನಾಲಗೀಗೆ ಕುಂತೈತಿ, ಎಲ್ಲಿ ಬೇಕಾದಲ್ಲಿ ಬರತೈತಿ. ಕಾಣವಲ್ಲಳಲ್ಲ, ಅದಕ್ಕ.

ಆಕಿ ಬಣ್ಣದ ಕಡೆ ಹಾಯ್ದಾಕೇ ಅಲ್ರೀ. ನಾ ಅವತ್ತೇ ನಿಮಗ ಹೇಳಿಲ್ಲೇನು? ನೀವ ಇದ ಜಾಗಾದಾಗ ಕುಂತ ಅಂದ್ರಿ: ನಮ್ಮದು ಅಂಗಡಿ ಮನೆತನ ನೂರಬಿ, ಕಿತ್ತೂರಿನಿಂದ ಸವದತ್ತಿ ತನಕ ಗಿರಾಕಿ ಅದಾರ, ಬಣ್ಣದ ಕೈಯಿನ ಹುಡಗಿ ತಂದ್ರ ಬಂದವರ ಮುಂದ ತಾಟ ಇಡಾಕ ಬರೂದಿಲ್ಲ. ನಾ ಅಂದೆ, ಇಲ್ರೀ, ನಮ್ಮಾಕಿ ಹತ್ತನೇತ್ತಾ ತನಕ ಕಲತಾಳ, ಹೊಲಿಗಿ ಬರತೈತಿ, ಬಣ್ಣದ ಹಂಡೆ ಹತ್ರ ಆಕೀನ್ನ ನಾವ ಬಿಟ್ಟೇ ಇಲ್ಲ. ಆಕಿ ಕೈ ನೋಡ್ರಿ ಅಂತ ಮುಂದ ಮಾಡಿದೆ. ಮೊಣಕೈ ತನಕ ಮೆಹಂದಿ ಇತ್ತಲ್ರೀ, ಮಗ್ಗಲ ಮನಿ ಮದಿವಿ ಅಂತ! ಆಮ್ಯಾಲೆ ಆಕಿ ಮದಿವ್ಯಾಗ ಎಂಥಾ ಮೆಹಂದಿ ಬಂದಿತ್ತ್ರೀ… ಕೆಂಪ ಅಲ್ಲ, ಕಾಡಿಗಿ ಹಂಗ ಕಪ್ಪ. ಹೆಂಗಸರೆಲ್ಲಾ ಕೈ ಎತ್ತಿ ಎತ್ತಿ ನೋಡಿದ್ರು. ಇಷ್ಟ ಕಪ್ಪ ಬಂದೈತಿ, ಅತ್ತಿ ಈಕೀನ್ನ ಅಂಗೈಯಾಗ ಇಟ್ಟ ನೋಡಕೊಳತಾಳ ಅಂದ್ರು. ನೀವೂ ನಕ್ಕ್ರಿ ಅವಾಗ. ಹೌದಿಲ್ಲ? ನಕ್ಕ್ರಿ. ನಾ ದೂರ ನಿಂತ ನೋಡೇನಿ.

ಒಂದ ಮಾತರ ಆಡ್ರಿ ಬೀಗತೇರ. ಬಂದಾಗಿಂದ ನಾ ಒಬ್ಬಾಕೇ ಒದರಾಕ ಹತ್ತೇನಿ.

ಇರ್ಲಿ. ಏನ ಹೇಳತಿದ್ದೆ… ಹಾಂ, ಗಿಡದ ಬಣ್ಣ. ಕೂಸಿಗೆ ಛಲೋರೀ. ಮೈಗೆ ತುರಿಕಿಲ್ಲ, ಉರಿಪಿಲ್ಲ. ಬೇವಿನ ಕಷಾಯದಾಗ ಎದ್ದಿಸಿ, ಹಿಂಡಿ, ನೆಳ್ಳಾಗ ಒಣಗಸೂದು. ಬಿಸಲಾಗ ಹಾಕಬಾರದು. ಕೆಮಿಕಲ್ ಇದ್ದಾಗ ನನ್ನ ಕೈ ಗತಿ ಏನಾಗಿತ್ತು ಗೊತ್ತೈತೇನ್ರೀ? ಬೆರಳ ಸಂದ್ಯಾಗೆಲ್ಲಾ ಸೀಳಿ ರಕ್ತ ಬರತಿತ್ತು. ರೊಟ್ಟಿ ಬಡ್ಯಾಕ ಆಗತಿದ್ದಿಲ್ಲ, ಉಪ್ಪ ಮುಟ್ಟಿದ್ರ ಜೀವಾ ಹೋಗತಿತ್ತು. ದವಾಖಾನಿಗೆ ಹೋದ್ರ ಡಾಕ್ಟರ್ ಬೈದ್ರು. ಇನ್ನ ಮುಂದ ಯಾವ ಬಣ್ಣದ ನೀರಾಗೂ ಕೈ ಇಡಬ್ಯಾಡ ನೂರಬಿ, ಇಟ್ಟ್ರ ಕೈ ಉಳಿಯೂದಿಲ್ಲ ಅಂದ್ರು. ಅವತ್ತಿನಿಂದ ನಾ ಒಂದ ಅರಿವೀನೂ ಹಂಡೇದಾಗ…

ಕೆಮಿಕಲ್ ಹಂಡೇದಾಗ ಅಂತ ಹೇಳಿದ್ದು. ಗಿಡದ ಬಣ್ಣಕ್ಕ ಡಾಕ್ಟರ್ ಏನೂ ಅಂದಿಲ್ಲ. ಗಿಡದ ಬಣ್ಣ ನಾ ಹಾಕತೇನಿ. ಇವತ್ತೂ ನಾನ…

ಯಾಕ್ರೀ? ಕೈ ಯಾಕ ಹಿಡೀತೀರಿ? ಬಿಡ್ರಿ. ಬೀಗತೇರ, ಬಿಡ್ರಿ, ಒಣಗೀ ಚರ್ಮ, ಏನ ನೋಡತೀರಿ ಅದನ್ನ… ಬೆಳಕಿಗೆ ಯಾಕ ಹಿಡೀತೀರಿ?

…

ಅಲ್ಲ, ಕೊಬ್ಬರಿ ಎಣ್ಣಿ ಹಚ್ಚಿ ಹಾಕಿದ್ರ ಹತ್ತೂದಿಲ್ರೀ ಬಣ್ಣ. ಮತ್ತ ನಾ ಕೋಲಿಲೆ ತಿರುವತೇನಿ, ಕೈಯಾಗ… ನಿಂಬಿಹಣ್ಣಿಲೆ ತಿಕ್ಕಿದ್ರ ಹೋಗತೈತಿ. ನಿಂಬಿಹಣ್ಣ… 

…

ಬೆಳ್ಳನ್ನ ಉಗರ ಹಂಗ ನೋಡಬ್ಯಾಡ್ರಿ.

…

ಏನರ ಅನ್ರೀ! ಸುಳ್ಳಿ ಅನ್ರಿ, ಕಳ್ಳಿ ಅನ್ರಿ, ಮಾರಿಗೆ ಉಗಳ್ರಿ. ಹಿಂಗ ಒಮ್ಮೆ ನನ್ನ ಕೈ, ಒಮ್ಮೆ ಆ ಹಸಿ ಅರಿವಿ ನೋಡಕೋಂತ ಸುಮ್ಮ ಕುಂದರಬ್ಯಾಡ್ರಿ ಬೀಗತೇರ, ನಿಮ್ಮ ಕಾಲ ಹಿಡೀತೇನಿ. ಹೌದು. ಈ ಕೈ ಹಾಕಿಲ್ಲ. ಈ ಕೈ ಬಣ್ಣ ಮುಟ್ಟಿ ಭಾಳ ದಿವಸ ಆತು. ಹೌದ್ರೀ, ಅದಾಳ. ಇಲ್ಲೇ ಅದಾಳ. ಆ ಬಾಗಲದ ಹಿಂದ ಹಿತ್ತಲದಾಗ ಅದಾಳ ನನ್ನ ಮಗಳು.

ಮೊನ್ನಿ ಸಂಜೀಕ ಬಂದ್ಲು. ಚೀಲಿಲ್ಲ, ಗೀಲಿಲ್ಲ. ಕಣ್ಣೀರ ಹಾಕಿದ್ರ ನನಗ ತಿಳೀತಿತ್ತು. ಏನಾತವಾ ಅಂದೆ, ಬಾಯಿ ಬಿಡಲಿಲ್ಲ. ಸೀದಾ ಹಿತ್ತಲಿಗೆ ಹೋಗಿ ಒಲಿ ಹಚ್ಚಿದ್ಲು, ಸಿಪ್ಪಿ ಕುದ್ಯಾಕ ಇಟ್ಲು. ಅವಾಗಿಂದ ಅರಿವಿ ಎದ್ದಿಸಾಕ ಹತ್ಯಾಳ, ಹಿಂಡಾಕ ಹತ್ಯಾಳ. ಮೂಲ್ಯಾಗಿನ ಹಳೀ ಅರಿವಿ, ಅವರಪ್ಪನ ಪಂಜೆ, ಕೈಗೆ ಸಿಕ್ಕಿದ್ದೆಲ್ಲಾ ಹಂಡೇದಾಗ. ಉಣ್ಣು ಅಂದ್ರ ಉಣತಾಳ, ಮಲಗು ಅಂದ್ರ ಮಲಗತಾಳ. ಮಾತಿಲ್ಲ. ನಿಮ್ಮ ಮನ್ಯಾಗ ಕಲತಾಳ ಅದನ್ನ.

ಸಿಟ್ಟಿಗೇಳಬ್ಯಾಡ್ರಿ. ಅನ್ನಬಾರದಿತ್ತು. ಅಂದೆ.

ಆಕಿ ನಿಮ್ಮ ಮ್ಯಾಲೆ ಒಂದ ಮಾತೂ ಚಾಡಿ ಹೇಳಿಲ್ರೀ. ನಾನ ಒಂದೊಂದ ಕೇಳಿ ಕೇಳಿ ಹೊರಗ ತಗದೇನಿ. ಮೆಹಂದಿ ಹೋತಂತ, ಉಗರಾಗಿನ ಕಪ್ಪ ಉಳೀತಂತ. ಮದಿವಿ ಆದ ಹೊಸದಾಗ ಒಂದಿನ ರೊಟ್ಟಿ ಹಾಕೂಮುಂದ ನೀವ ಆಕಿ ಕೈ ನೋಡಿದ್ರಂತ. ಈಗ ನನ್ನ ಕೈ ನೋಡಿದ್ರಲ್ಲ, ಹಿಂಗ. ಬೈಲಿಲ್ಲಂತ. ಕೇಳಲಿಲ್ಲಂತ. ಆ ರೊಟ್ಟಿ ತಾಟಿನ ಕಡೀಕ ಸರಸಿ ಇಟ್ರಂತ. ಅವತ್ತಿನಿಂದ ಆಕಿ ಕೈಯಿಂದ ಒಂದ ತುತ್ತ, ಒಂದ ಗುಟುಕ ನೀವ ತಗೊಂಡಿಲ್ಲ. ತಾನ ಚಾ ತಂದ್ರ ನೀವ ನಮಾಜಿಗೆ ಏಳತಿದ್ರಂತ. ತಾನ ನೀರ ತಂದ್ರ ನಿಮಗ ನೀರಡಿಕಿ ಇರತಿದ್ದಿಲ್ಲಂತ. ಬಂದ ಮಂದಿ ಮುಂದ ಕೆಲಸದಾಕಿ ಕೈಲೆ ತಾಟ ಕೊಡಸತಿದ್ರಂತ, ಸೊಸಿ ಬಾಗಲ ಹಿಂದ ನಿಂದರಬೇಕು. ಅದೂ ಹೋಗ್ಲಿ. ಮೊನ್ನಿ ಹೊಟ್ಟಿ ಒಳಗ ಕೂಸ ಮೊದಲನೇ ಸಲ ಮಿಸುಕಾಡ್ತಂತರೀ. ಅತ್ತೀ, ಇಲ್ಲಿ ಕೈ ಇಟ್ಟ ನೋಡ್ರಿ ಅಂತ ಓಡಿ ಬಂದು ನಿಮ್ಮ ಕೈ ಹಿಡದ್ಲಂತ. ನೀವ ಮೆಲ್ಲಕ ಕೈ ಬಿಡಸಿಕೊಂಡು ಸೆರಗಿಗೆ ಒರಸಿಕೊಂಡ್ರಂತ.

ಹೌದೋ ಅಲ್ಲೋ? ಅಲ್ಲ ಅನ್ರಿ. ನಾ ನಿಮ್ಮ ಮಾತ ನಂಬತೇನಿ. ಮಗಳ ಮಾತ ಬಿಟ್ಟ ನಿಮ್ಮ ಮಾತ ನಂಬತೇನಿ, ಒಂದ ಸಲ ಅಲ್ಲ ಅನ್ರಿ.

…

ತಪ್ಪ ನಂದ ಐತಿ. ನಾ ಮುಚ್ಚಿದೆ. ಆಕಿ ಸಣ್ಣಾಕಿ ಇದ್ದಾಗಿಂದ ಹಂಡೆ ಮುಂದನ ಬೆಳದಾಕಿ. ನನ್ನ ಕೈ ಹೋದಮ್ಯಾಲೆ ಮನಿ ನಡದಿದ್ದ ಆಕಿ ಕೈಲೆ. ಮೇಡಂ ಹುಡಕ್ಕೊಂಡ ಬಂದಿದ್ದೂ ಆಕಿನ್ನ, ಆ ತಾಟಿನ್ಯಾಗ ಇದ್ದ ಅರಿವಿ ತುಂಡೂ ಆಕೀದ. ನೀವ ಬರತೀರಂತ ಗೊತ್ತಾದ ದಿನ ನಿಂಬಿಹಣ್ಣು, ಸೀಗಿಕಾಯಿ, ಇಟ್ಟಂಗಿ ಪುಡಿ, ಎಲ್ಲಾದರ್ಲೆ ತಿಕ್ಕಿದೆ ಆ ಕೈಯಿ. ಅಮ್ಮಾ ಉರೀತೈತಿ ಅಂದ್ಲು, ಬಿಡಲಿಲ್ಲ. ಹೋಗಲಿಲ್ಲ. ಕಡೀಕ ಮೆಹಂದಿ ಹಚ್ಚಿ ಮುಚ್ಚಿದೆ. ಬಣ್ಣದ ಮನ್ಯಾಗ ಹುಟ್ಟಿದಾಕಿ ನಾ, ನನಗ ತಿಳೀಬಾರದೇನ್ರೀ? ತುಕ್ಕಿನ ನೀರ ಕುಡದ ಕೈಗೆ ಮೆಹಂದಿ ಹಚ್ಚಿದ್ರ ಅದು ಕೆಂಪ ಬರತೈತೇನು? ಕಪ್ಪ ಬಂತು. ಹೆಂಗಸರು ಅತ್ತಿ ಪ್ರೀತಿ ಅಂದ್ರು. ನಾ ಸುಮ್ಮನ ನಕ್ಕೆ. ಅದು ಅತ್ತಿ ಪ್ರೀತಿ ಅಲ್ರೀ ಬೀಗತೇರ, ತುಕ್ಕ ಹಿಡದ ಮೊಳಿ ನೀರು.

ಈಗ ಏನ ಮಾಡ್ಲಿ ಹೇಳ್ರಿ ನೀವ? ಇಟಗೊಂಡ್ರ ನಾಳೆ ಓಣಿ ಮಂದಿ ನೂರಬಿ ಮಗಳ ಗಂಡನ ಮನಿ ಬಿಟ್ಟ ಬಂದಾಳಂತ ಅನಕೋಂತ ಅಡ್ಯಾಡತಾರ, ಹುಟ್ಟೂ ಕೂಸಿಗೂ ಆ ಮಾತ ಅಂಟತೈತಿ. ಕಳಿಸಿದ್ರ… ಬಾಗಲ ಹಿಂದ ನಿಂದರಾಕ ಕಳಸ್ಲೇನ್ರೀ? ಅವರಪ್ಪಗ ಕೇಳಿದ್ರ ಆತ ಸೈಕಲ್ ತಗೊಂಡ ಬೇವಿನ ತಪ್ಪಲಾ ತರಾಕ ಹೋಗತಾನ. ಅಳಿಯಾ ಛಲೋ ಹುಡಗ, ಫೋನಿನ್ಯಾಗ ಅತ್ತ ಬಿಟ್ಟ, ಆದ್ರ ನಿಮ್ಮ ಮುಂದ ಅಂವಗೂ ಬಾಯಿಲ್ಲ. ನನ್ನ ಕೈಯಾಗ ಏನೈತ್ರೀ? ನನ್ನ ಕೈ ನೀವ ನೋಡೀರಲ್ಲ ಈಗ.

ಬೈರಿ ನನಗ. ಮನಿಗೆ ಕರಕೊಂಡ ಹೋಗಿ ಆಕಿಗೂ ಬೈರಿ, ಕೂದಲ ಹಿಡದ ಜಗ್ಗಾಡ್ರಿ ಬೇಕಾದ್ರ. ಸೊಸೆಂದ್ರು ಬೈಸಿಕೊಳ್ಳೂದಿಲ್ಲೇನು, ನಾನೂ ನಮ್ಮತ್ತಿ ಕಡಿಂದ ಬೈಸಿಕೊಂಡೇನಿ, ಬೈದ ಮ್ಯಾಲೆ ಆಕೇ ಕರದ ಉಣ್ಣಾಕ ಹಾಕತಿದ್ಲು. ಆದ್ರ ಈ ಸುಮ್ಮಿರೂದ ಒಂದ ಬ್ಯಾಡ್ರಿ. ಇದನ್ನ ಹೆಂಗ ತಾಳ್ಯಾಳೋ ಇಷ್ಟ ತಿಂಗಳು ನನ್ನ ಕೂಸು. ನನಗ ಒಂದ ತಾಸ ತಾಳಾಕ ಆಗವಲ್ದು.

ಅಯ್ಯ… ಎಲ್ಲಾ ಕೇಳಿಸಿಕೊಂಡ್ಲೇನೋ. ಬಾಗಲಾ ತಗದ ಸಪ್ಪಳಾತು.

ಶಬ್ಬೂ, ನಾ ಇನ್ನೂ ಕರದಿಲ್ಲಲ್ಲೇ, ನೀ ಯಾಕ ಬಂದಿ? ತಂಬಿಗಿ ಯಾಕ… ನೀರ ತಂದೀ? ಹೌದ ನೋಡ್ರಿ. ಬಿಸಲಾಗ ಬೀಗತಿ ಬಂದಾಳ, ನಾ ಬಾಯಿ ಬಡಕಿ, ನೀರ ಕೊಡಾಕೂ ಮರತೇನಿ. ಆಕಿ ನೆನಪ ಮಾಡಕೊಂಡ ತಂದಾಳ್ರೀ. ಅಷ್ಟ ಮರ್ಯಾದಿ ಕಲಿಸೇನಿ ಆಕಿಗೆ, ಅದ ಒಂದ ಸುಳ್ಳಲ್ಲ. ಕೈ ತೊಳಕೊಂಡಿಯೇನವಾ? ತೊಳಕೊಂಡಾಳ್ರೀ, ಹಸಿ ಐತಿ ಕೈ. ತೊಳದ್ರ ಅಷ್ಟ ಹೋಗತೈತ್ರೀ ಆ ಕಪ್ಪ, ಇನ್ನಷ್ಟ ಹೋಗೂದಿಲ್ಲ. ಹೋಗೂದಿಲ್ಲ, ಏನ ಮಾಡೂದು.

ಮುಂದ ಬಾರವಾ. ಕೊಡು ಅತ್ತಿಗೆ.

ತಗೋರಿ ಬೀಗತೇರ. ತಣ್ಣಗ ಐತಿ, ಗಡಿಗೀ ನೀರ.

ಬೀಗತೇರ?

ಶಬ್ಬೂ, ಇಳಸಬ್ಯಾಡ. ಹಂಗ ಹಿಡದ ನಿಂದರು. ಇನ್ನೊಂದೀಟ ಹಿಡಿ, ನನ್ನ ಮಗಳ.